ಹೊಲಿಗೆ ಟೀಚರ್ ಮತ್ತು ಕಂಪ್ಯೂಟರ್ ರೂಮು

ಅವರು ನಮ್ಮ ಶಾಲೆಗೆ ಬಂದದ್ದು ಹೊಲಿಗೆ ಟೀಚರಾಗಿ, ನಿವೃತ್ತರಾದದ್ದು ಕಂಪ್ಯೂಟರ್ ಟೀಚರಾಗಿ. ಮೊನ್ನೆ ಹೆಡ್ಮಾಷ್ಟ್ರು ನನ್ನನ್ನು ಕರೆದು, "ನೀವು ಕನ್ನಡ ಮಾಷ್ಟ್ರಲ್ವಾ, ಶಾಲೆಯ ಸಂಚಿಕೆಗೆ ಟೀಚರ ಬಗ್ಗೆ ಎರಡು ಪುಟ ಬರೆದುಕೊಡಿ. ಒಳ್ಳೆಯದು ಮಾತ್ರ ಬರೆಯಿರಿ," ಎಂದರು. ಬರೆದುಕೊಟ್ಟೆ. ಅದರಲ್ಲಿ 'ಮೃದುಭಾಷಿ' ಇದೆ, 'ಸರಳ ಸಜ್ಜನಿಕೆ' ಇದೆ, 'ಎಲೆಮರೆಯ ಕಾಯಿ'ಯೂ ಇದೆ. ಸಂಚಿಕೆ ಕೈಗೆ ಸಿಕ್ಕಿದ ದಿನ ಟೀಚರು ಫೋನು ಮಾಡಿ ನನ್ನ ಚಳಿ ಬಿಡಿಸುವುದು ಖಂಡಿತ. ಆ ಎರಡು ಪುಟಗಳಲ್ಲಿ ಹಿಡಿಸದೆ ಹೊರಗೆ ಉಳಿದ ಟೀಚರನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇರೆಬೈಲಿನಲ್ಲಿರುವ ನಮ್ಮದು ಹುಡುಗಿಯರ ಕನ್ನಡ ಮಾಧ್ಯಮದ ಹೈಸ್ಕೂಲು. ಟೀಚರು ಉಳ್ಳಾಲದಿಂದ ಬಸ್ಸು ಬದಲಿಸಿ ಬರುತ್ತಿದ್ದರು. ತಲೆಮಾರುಗಳಿಂದ ಕಡಲಿಗೆ ಹೋದ ಮನೆತನ. ಅಣ್ಣಂದಿರಲ್ಲಿ ಒಬ್ಬರು ಈಗಲೂ ಬೋಟಿಗೆ ಹೋಗುತ್ತಾರೆ, ಇನ್ನೊಬ್ಬರು ಐಸ್ ಪ್ಲಾಂಟಿನಲ್ಲಿದ್ದಾರೆ. ಬೋಟಿನ ಇಂಜಿನಿನ ಸದ್ದನ್ನು ಮೀರಿಸಿ ಮಾತಾಡುವವರ ಮನೆಯಲ್ಲಿ ಬೆಳೆದ ಗಂಟಲು ಅವರದು. ಸ್ಟಾಫ್ ರೂಮಿನಲ್ಲಿ ಅವರು ನನ್ನ ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದರೆ ಗೇಟಿನಲ್ಲಿದ್ದ ವಾಚ್‌ಮನ್ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಹೆಡ್ಮಾಷ್ಟ್ರ ಬಗ್ಗೆ ಹೇಳುವ ಗುಟ್ಟುಗಳನ್ನೂ ಅವರು ಇದೇ ರೀತಿಯಲ್ಲಿ ಹೇಳುತ್ತಿದ್ದರು.

ಹೊಲಿಗೆಯ ಪೀರಿಯಡ್ಡು ಇನ್ನು ಬೇಡ ಎಂದು ಆಡಳಿತ ಮಂಡಳಿ ತೀರ್ಮಾನ ಮಾಡಿದಾಗ ನಾನು ಶಾಲೆಗೆ ಹೊಸಬ. ಒಂದು ಮಧ್ಯಾಹ್ನ ಗುಜರಿಯವನು ಟೆಂಪೋ ತಂದು ಹೊಲಿಗೆ ಮೆಷಿನುಗಳನ್ನೆಲ್ಲ ತುಂಬಿಸಿದ. ಟೀಚರು ವರಾಂಡದ ಕಂಬಕ್ಕೆ ಒರಗಿ ನಿಂತು ನೋಡಿದರು. ಅವರು ಬೈಯದೆ ಇದ್ದದ್ದನ್ನು ನಾನು ನೋಡಿದ್ದು ಅಪರೂಪ, ಅದರಲ್ಲಿ ಅದು ಮೊದಲನೆಯದು. ಅವರ ರೂಮು ಇಂಗ್ಲಿಷ್ ಮಾಧ್ಯಮದ ಆಫೀಸಾಯಿತು. ಅವರನ್ನು ಹೆಚ್ಚುವರಿ ಶಿಕ್ಷಕಿ ಎಂದು ಬರೆದು ಎಲ್ಲೋ ಘಟ್ಟದ ಮೇಲೆ ವರ್ಗ ಮಾಡುತ್ತಾರೆ ಎಂಬ ಸುದ್ದಿಯೂ ಹಬ್ಬಿತು.

ಅಷ್ಟರಲ್ಲಿ ಪಣಂಬೂರಿನ ಒಂದು ಕಂಪೆನಿ ತನಗೆ ಬೇಡವಾದ ಒಂದು ರಾಶಿ ಲ್ಯಾಪ್‌ಟಾಪುಗಳನ್ನು ಶಾಲೆಗೆ ದಾನ ಮಾಡಿ ಫೋಟೋ ತೆಗೆಸಿಕೊಂಡಿತು. ಫೋಟೋದಲ್ಲಿ ಮಾತ್ರ ಅವು ಚೆನ್ನಾಗಿದ್ದವು. ಕೆಲವಕ್ಕೆ ಕೀಲಿಗಳಿರಲಿಲ್ಲ, ಕೆಲವನ್ನು ಕರೆಂಟಿನಿಂದ ತೆಗೆದರೆ ಅಲ್ಲಿಯೇ ಪ್ರಾಣ ಬಿಡುತ್ತಿದ್ದವು. ಹೆಡ್ಮಾಷ್ಟ್ರು ಹೆದರುತ್ತಲೇ ಟೀಚರನ್ನು ಕೇಳಿದರು, "ಇದನ್ನು ನೀವು ನೋಡಿಕೊಳ್ತೀರಾ?"

"ವಯರ್ ಉಂಟು, ಮೋಟಾರ್ ಉಂಟು, ನೂಲು ಒಂದು ಇಲ್ಲ. ಅಷ್ಟೇ ಅಲ್ವಾ?" ಎಂದರು ಟೀಚರು. ಹಾಗೆ ಅವರು ಕಂಪ್ಯೂಟರ್ ಟೀಚರಾದರು. ಪವರ್ ಬಟನ್ ಎಲ್ಲಿದೆ ಎಂಬುದು ಅವರಿಗೆ ಆ ವಾರದ ಕೊನೆಗೆ ಗೊತ್ತಾಯಿತು.

ಅವರ ಗುರು ಉಳ್ಳಾಲದ ಒಬ್ಬ ಬ್ಯಾರಿ ತರುಣ. ಗಲ್ಫಿನಿಂದ ವಾಪಸು ಬಂದು ಅವರ ಮನೆಯ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಅವನು ಅವರಿಗೆ ಕಲಿಸಿದ್ದು ಒಂದೇ ವಿದ್ಯೆ. "ಅಕ್ಕಾ, ಎಂತ ತೊಂದರೆ ಬಂದ್ರೂ ಮದ್ದು ಒಂದೇ. ಒಳಗಿದ್ದದ್ದನ್ನೆಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸತಾಗಿ ಹಾಕುವುದು." ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿಸಿಯೇ ಅಷ್ಟು ವರ್ಷ ಸಂಬಳ ತೆಗೆದುಕೊಂಡವರಿಗೆ ಈ ಮಾತು ಕೂಡಲೇ ಹಿಡಿಸಿತು. ಮರುದಿನದಿಂದ ನಮ್ಮ ಶಾಲೆಯಲ್ಲಿ ಅಳಿಸುವುದು, ಹಾಕುವುದು ಶುರುವಾಯಿತು. ಆಪರೇಟಿಂಗ್ ಸಿಸ್ಟಮ್ ಎಂದರೆ ಏನು ಎಂದು ಹುಡುಗಿಯರು ಕೇಳಿದರೆ, "ಮನೆಯ ಅತ್ತೆ. ಅತ್ತೆ ಏಳುವ ತನಕ ಒಲೆ ಉರಿಯುವುದಿಲ್ಲ," ಎನ್ನುತ್ತಿದ್ದರು. ಈ ವಿವರಣೆಯನ್ನು ಪರೀಕ್ಷೆಯಲ್ಲಿ ಬರೆದವರಿಗೆ ಪೂರ್ತಿ ಅಂಕ ಸಿಗುತ್ತಿತ್ತು.

ಲ್ಯಾಪ್‌ಟಾಪು ಆನ್ ಆದ ಕೂಡಲೇ, ಕಂಪೆನಿಯ ಚಿಹ್ನೆ ಮಿಂಚಿ ಮಾಯವಾಗುವುದರೊಳಗೆ ಒಂದು ಕೀಲಿಯನ್ನು ಒತ್ತಬೇಕು. ಆಗ ಮಾತ್ರ ಅದು ಪೆನ್‌ಡ್ರೈವಿನಲ್ಲಿರುವ ಹೊಸ ಸಿಸ್ಟಮನ್ನು ನೋಡುತ್ತದೆ. ಒಂದೊಂದು ಕಂಪೆನಿಯದ್ದು ಒಂದೊಂದು ಕೀಲಿ. ಯಾವುದು ಯಾವುದಕ್ಕೆ ಎಂದು ನೆನಪಿಡುವ ತಾಳ್ಮೆ ಟೀಚರಿಗಿರಲಿಲ್ಲ. ಮೇಲಿನ ಸಾಲಿನ ಎಲ್ಲ ಕೀಲಿಗಳನ್ನೂ ಹಾರ್ಮೋನಿಯಂ ನುಡಿಸಿದಂತೆ ಆ ತುದಿಯಿಂದ ಈ ತುದಿಗೆ ಒತ್ತುತ್ತ ಹೋಗಬೇಕೆಂಬುದು ಅವರ ಪದ್ಧತಿ. ಪಕ್ಕದ ಕೋಣೆಯಲ್ಲಿ ನಾನು ಹಳಗನ್ನಡ ಪದ್ಯ ಓದುತ್ತಿದ್ದರೆ ಗೋಡೆಯಾಚೆಯಿಂದ "ಒತ್ತು! ಒತ್ತು! ಬಿಡಬೇಡ! ಹೋಯ್ತು! ನಿನ್ನ ಮಂಡೆ!" ಎಂದು ಕೇಳಿಸುತ್ತಿತ್ತು. ನನ್ನ ತರಗತಿಯ ಹುಡುಗಿಯರು ಪದ್ಯ ಬಿಟ್ಟು ಗೋಡೆಯನ್ನೇ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಕೀಲಿಯ ಗಂಡಾಂತರ ದಾಟಿದರೆ ಮುಂದಿನದು ಡಿಸ್ಕಿನದ್ದು. ಈ ಡಿಸ್ಕಿನ ಪಾರ್ಟಿಶನ್ನು ಸರಿಯಿಲ್ಲ, ಇಲ್ಲಿ ಇನ್‌ಸ್ಟಾಲ್ ಮಾಡಲಾಗದು ಎಂದು ಪರದೆಯ ಮೇಲೆ ಬರುತ್ತಿತ್ತು. ಟೀಚರು ಸೊಂಟಕ್ಕೆ ಕೈಯಿಟ್ಟು ಅದನ್ನು ಓದಿ, "ಆಗುವುದಿಲ್ಲ ಅಂತ ಹೇಳ್ಲಿಕ್ಕೆ ಇದು ಯಾರು?" ಎನ್ನುತ್ತಿದ್ದರು. ಆಮೇಲೆ ಹುಡುಗಿಯರಿಗೆ ಪಾಠ: "ನೋಡಿ, ಇದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಜಾಗ. ಎಲ್ಲ ಬೇಲಿ ಕಿತ್ತು ಒಂದೇ ಅಂಗಳ ಮಾಡಿ. ನಂತರ ಹೊಸತಾಗಿ ಪಾಲು ಮಾಡುವ. ಕೋರ್ಟಿಗೆ ಹೋಗದೆ ಮುಗಿಯುವ ಪಾಲು ಇದೊಂದೇ."

ಈ ಬೇಲಿ ಕೀಳುವ ಉತ್ಸಾಹದಲ್ಲಿ ಹೆಡ್ಮಾಷ್ಟ್ರ ಲ್ಯಾಪ್‌ಟಾಪೂ ಸಿಕ್ಕಿಬಿತ್ತು. ಅದು ನಿಧಾನವಾಗಿದೆ, ಸ್ವಲ್ಪ ನೋಡಿ ಎಂದು ಅವರು ಕೊಟ್ಟದ್ದು ಬೆಳಗ್ಗೆ. ಮಧ್ಯಾಹ್ನ ಊಟದ ಹೊತ್ತಿಗೆ ಅದು ಹುಟ್ಟಿದ ಮಗುವಿನಷ್ಟು ಶುದ್ಧವಾಗಿತ್ತು. ಹೆಡ್ಮಾಷ್ಟ್ರು ಬೆವರೊರೆಸಿಕೊಂಡು, "ಟೀಚರ್, ಅದರಲ್ಲಿ ನನ್ನ ಸ್ವಾತಂತ್ರ್ಯ ದಿನದ ಭಾಷಣ ಇತ್ತು," ಎಂದರು. ಪ್ರತಿ ವರ್ಷ ಅದನ್ನೇ ತೆಗೆದು ಓದುವುದು ಅವರ ಕ್ರಮವಾಗಿತ್ತು.

"ಅದು ನಮಗೆಲ್ಲ ಬಾಯಿಪಾಠ ಉಂಟು ಸರ್. ಎಂಟನೆಯ ಕ್ಲಾಸಿನ ಯಾರನ್ನು ಬೇಕಾದ್ರೂ ಕೇಳಿ, ಬರೆದುಕೊಡ್ತಾರೆ," ಎಂದರು ಟೀಚರು.

ಆ ವರ್ಷ ಹೆಡ್ಮಾಷ್ಟ್ರು ಮನಸ್ಸಿಗೆ ಬಂದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಬಿಸಿಲಿಗೆ ಒಬ್ಬ ಹುಡುಗಿಯೂ ತಲೆಸುತ್ತಿ ಬೀಳಲಿಲ್ಲ. ಪೋಷಕರು ಬಂದು ಅವರ ಕೈಕುಲುಕಿ ಹೊಗಳಿ ಹೋದರು.

ಒಂದು ಲ್ಯಾಪ್‌ಟಾಪಿನ ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು. ಪ್ರತಿ ಸಲ ಆರಿಸಿ ಹಾಕಿದಾಗಲೂ ಅದು ಎಷ್ಟೋ ವರ್ಷ ಹಿಂದಿನ ತಾರೀಕಿಗೆ ಹೋಗಿ ಕೂರುತ್ತಿತ್ತು, ತಾರೀಕು ತಪ್ಪಿದ ಕಾರಣ ಇನ್‌ಸ್ಟಾಲ್ ನಡುದಾರಿಯಲ್ಲಿ ನಿಲ್ಲುತ್ತಿತ್ತು. "ಇದಕ್ಕೆ ಪ್ರಾಯ ಆದದ್ದೇ ಗೊತ್ತಿಲ್ಲ, ನಮ್ಮ ಗಣಿತದ ಮಾಷ್ಟ್ರ ಹಾಗೆ," ಎಂದು ಟೀಚರು ಘೋಷಿಸಿದರು. ಗಣಿತದ ಮಾಷ್ಟ್ರು ತಲೆಗೆ ಬಣ್ಣ ಹಚ್ಚುತ್ತಿದ್ದರು. ಅವರು ಆ ರೂಮಿನ ಮುಂದೆ ನಡೆದಾಡುವುದನ್ನೇ ಬಿಟ್ಟು ಬಾವಿಯ ಕಡೆಯಿಂದ ಸುತ್ತಿ ಹೋಗಲು ಸುರು ಮಾಡಿದರು.

ಟೀಚರ ಬೈಗಳಿಗೆ ಒಂದು ಕ್ರಮವಿತ್ತು. ಅದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಕನ್ನಡಕ ಹಾಕಿದರೂ ಸಣ್ಣ ಸ್ಕ್ರೂಗಳು ಅವರಿಗೆ ಕಾಣಿಸುತ್ತಿರಲಿಲ್ಲ, ಹಾಗಾಗಿ ಬಿಚ್ಚುವುದು, ಜೋಡಿಸುವುದೆಲ್ಲ ಹುಡುಗಿಯರ ಕೈಯಲ್ಲಿ. ಬಿಚ್ಚುವಾಗ ಏನಾದರೂ ಮುರಿದರೆ ಅವರು ಬೈಯುತ್ತಿರಲಿಲ್ಲ. "ಹೋಗಲಿ, ಮೊದಲೇ ಸತ್ತದ್ದು," ಎನ್ನುತ್ತಿದ್ದರು. ಮುರಿದೀತು ಎಂದು ಹೆದರಿ ಕೈಕಟ್ಟಿ ನಿಂತವಳಿಗೆ ಮಾತ್ರ ಮಂಗಳಾರತಿ. "ಎಂತ ನಿಂತದ್ದು ದೇವಸ್ಥಾನದಲ್ಲಿ ನಿಂತ ಹಾಗೆ? ಕೈ ಹಾಕು ಮಾರಾಯ್ತಿ! ಕಚ್ಚುವುದಿಲ್ಲ ಅದು!" ಮನೆಯಲ್ಲಿ ಟಿ.ವಿ. ರಿಮೋಟನ್ನೂ ಅಣ್ಣ ತಮ್ಮಂದಿರು ಮುಟ್ಟಗೊಡದ ಹುಡುಗಿಯರು ಆ ರೂಮಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಓಡಾಡುತ್ತಿದ್ದರು. ಅದನ್ನು ನೋಡಿದರೆ ನನಗೆ ಬಹಳ ಸಂತೋಷವಾಗುತ್ತಿತ್ತು. ನನ್ನ ಪದ್ಯಗಳು ಅವರಿಗೆ ಅಂಥ ಧೈರ್ಯ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ಆಡಳಿತ ಮಂಡಳಿಗೆ ಹೊಸ ಸೆಕ್ರೆಟರಿ ಬಂದರು. ಸಣ್ಣ ಪ್ರಾಯದವರು, ಇಸ್ತ್ರಿ ಮುರಿಯದ ಅಂಗಿ, ಮಾತಿಗೊಮ್ಮೆ ಗಡಿಯಾರ ನೋಡುವ ಅಭ್ಯಾಸ. ನಮ್ಮದೇ ಕಂಪೌಂಡಿನ ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಗೆ ಜಾಗ ಸಾಲುತ್ತಿರಲಿಲ್ಲ. ಕಂಪ್ಯೂಟರ್ ರೂಮು ಅವರ ಕಣ್ಣಿಗೆ ಬಿತ್ತು. "ಅಲ್ಲಿ ಇರುವುದೆಲ್ಲ ಗುಜರಿ ಅಂತ ಕೇಳಿದ್ದೇನೆ. ದಸರಾ ರಜೆ ಮುಗಿದ ದಿನ ಬಂದು ನೋಡ್ತೇನೆ. ಓಡ್ತಾ ಇದ್ದರೆ ಇರಲಿ, ಇಲ್ಲದಿದ್ದರೆ ರೂಮನ್ನು ಎಲ್‌ಕೆಜಿ ಮಕ್ಕಳಿಗೆ ಕೊಡುವ," ಎಂದು ಹೆಡ್ಮಾಷ್ಟ್ರಿಗೆ ಹೇಳಿ ಹೋದರು.

ಟೀಚರಿಗೆ ನಿವೃತ್ತಿಗೆ ಉಳಿದದ್ದು ಕೆಲವೇ ತಿಂಗಳು. ಸುಮ್ಮನಿದ್ದುಬಿಡಬಹುದಿತ್ತು. ನಾನು ಅದನ್ನೇ ಹೇಳಿದೆ. ಅವರು ನನ್ನನ್ನು ಕೆಕ್ಕರಿಸಿ ನೋಡಿ, "ಒಂದು ರೂಮು ಹೋಗುವಾಗ ಕಂಬ ಹಿಡಿದು ನಿಂತಿದ್ದೆ ಮಾಷ್ಟ್ರೇ. ಇನ್ನೊಂದು ಹೋಗುವಾಗಲೂ ನಿಲ್ಲಬೇಕಾ? ನಾನು ಹೋಗ್ತೇನೆ, ಸರಿ. ಈ ಹೆಣ್ಣುಮಕ್ಕಳು ಮತ್ತೆ ಎಲ್ಲಿ ಕೈ ಹಾಕುವುದು?" ಎಂದರು.

ರಜೆಯಲ್ಲಿ ಹತ್ತಿರದ ಮನೆಗಳ ಹುಡುಗಿಯರನ್ನು ಕರೆಸಿದರು. ಮನೆ ಹತ್ತಿರವೇ ಇದ್ದ ತಪ್ಪಿಗೆ ನನ್ನನ್ನೂ ಕರೆಸಿದರು. ಎಲ್ಲ ಲ್ಯಾಪ್‌ಟಾಪುಗಳಿಗೂ ಹೊಸತಾಗಿ ಸಿಸ್ಟಮ್ ಹಾಕಿ, ಸೆಕ್ರೆಟರಿ ಬರುವಾಗ ಸಾಲಾಗಿ ಓಡಿಸಬೇಕೆಂಬುದು ಯೋಜನೆ. ಕೆಲಸ ಸುರು ಮಾಡುವ ಮೊದಲು ಆಯುಧ ಪೂಜೆ. ಪ್ರತಿ ವರ್ಷ ಈ ಪೂಜೆ ಟೀಚರದ್ದೇ. ಈ ಸಲ ರೂಮಿನ ಪ್ರಶ್ನೆ ಇದ್ದುದರಿಂದ ಭಕ್ತಿ ಎರಡು ಪಾಲು. ತಟ್ಟೆ ತುಂಬ ಗಂಧ ತೇಯ್ದರು, ಕುಂಕುಮ ಇಟ್ಟರು, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಬಿಡಿಸಿ ಎಲ್ಲದರ ಮೇಲೂ ಸುರಿದರು, ಅಕ್ಷತೆ ಹಾಕಿದರು, ಆರತಿ ಎತ್ತಿದರು. ಅವಲಕ್ಕಿ ಪ್ರಸಾದವನ್ನೂ ಹಂಚಿದರು.

ಮರುದಿನ ಒಂದು ಲ್ಯಾಪ್‌ಟಾಪಿನಲ್ಲಿಯೂ ಇನ್‌ಸ್ಟಾಲ್ ಮುಗಿಯಲಿಲ್ಲ. ಚೆನ್ನಾಗಿಯೇ ಹೊರಡುತ್ತದೆ, ಅರ್ಧ ದಾರಿಗೆ ಬರುತ್ತದೆ, ಫಕ್ಕನೆ ಕತ್ತಲಾಗುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. "ಇದಕ್ಕೆ ಮಂಡೆಬೆಚ್ಚ," ಎಂದರು ಟೀಚರು. ಪೆನ್‌ಡ್ರೈವನ್ನು ಬೈದರು, ವೋಲ್ಟೇಜನ್ನು ಬೈದರು. ಉಳ್ಳಾಲಕ್ಕೆ ಫೋನು ಮಾಡಿ ಅಂಗಡಿಯ ತರುಣನನ್ನು ಬೈದರು. "ಅಕ್ಕಾ, ಪೆನ್‌ಡ್ರೈವ್ ಬೇರೆ ಹಾಕಿ ನೋಡಿ," ಎಂದು ಅವನು ಸ್ಪೀಕರಿನಲ್ಲಿ ಗೋಗರೆದ. ಬೇರೆ ಹಾಕಿದರೂ ಅಷ್ಟೇ. ಹೆಡ್ಮಾಷ್ಟ್ರು ಇಣುಕಿ ನೋಡಿ, "ಎಲ್‌ಕೆಜಿಯವರು ಬೆಂಚು ಇಡ್ಲಿಕ್ಕೆ ಈ ರೂಮಿನ ಅಳತೆ ಮಾಡಿ ಹೋದ್ರು," ಎಂದು ತಿಳಿಸಿ, ಉತ್ತರ ಬರುವ ಮೊದಲೇ ಜಾಗ ಖಾಲಿ ಮಾಡಿದರು.

ಒಂಬತ್ತನೆಯ ತರಗತಿಯ ಸಫಿಯಾ ಎಂಬ ಹುಡುಗಿ ಒಂದು ಲ್ಯಾಪ್‌ಟಾಪನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವವರ ಮಗಳು, ಮೂಗು ಚುರುಕು. "ಟೀಚರ್, ಇದು ಮಲ್ಲಿಗೆ ವಾಸನೆ ಬರ್ತದಲ್ಲ. ಒಳಗಿಂದ," ಎಂದಳು.

ತೆರೆದು ನೋಡಿದೆವು. ಬಿಸಿಗಾಳಿ ಹೊರಗೆ ಹೋಗಬೇಕಾದ ಬದಿಯ ಕಿಂಡಿಗಳಲ್ಲಿ ಗಂಧ ಒಣಗಿ ಗಾರೆಯಾಗಿತ್ತು. ಅದರ ಹಿಂದೆ ಕಳೆದ ವರ್ಷದ ಗಂಧ, ಅದರ ಹಿಂದೆ ಅದಕ್ಕೂ ಮೊದಲಿನದು. ಫ್ಯಾನಿನ ರೆಕ್ಕೆಗೆ ಮಲ್ಲಿಗೆಯ ಎಸಳುಗಳು ಅಂಟಿ ಕಪ್ಪಾಗಿದ್ದವು. ಒಳಗೆ ಕುಂಕುಮ, ಅಕ್ಷತೆಯ ಕಾಳು. ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇದೇ ಕತೆ. ಹೊಲಿಗೆ ಮೆಷಿನಿನ ಚಕ್ರಕ್ಕೂ ಮೈಗೂ ಗಂಧ ಮೆತ್ತಿ ಪೂಜೆ ಮಾಡಿದ ಕೈ ಅವರದು. ಕಬ್ಬಿಣದ ಮೆಷಿನು ಅದನ್ನೆಲ್ಲ ತಾಳಿಕೊಂಡಿತ್ತು. ಅದೇ ಕೈ ಇಲ್ಲಿಯೂ ನಡೆದಿತ್ತು.

ಟೀಚರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ, ನೋಡಿದರೆ ನಗು. "ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ಮೀನು ತೆಗೊಂಡವಳಲ್ಲ ನಾನು. ಇವಕ್ಕೆ ನಾನೇ ಉಸಿರು ಕಟ್ಟಿಸಿದೆನಲ್ಲ ಮಾರಾಯ್ರೆ! ದೇವರಿಗೆ ಕೊಟ್ಟದ್ದನ್ನೆಲ್ಲ ಫ್ಯಾನ್ ತಿಂದದ್ದು!" ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎದ್ದು ಕೂಗಿದರು, "ಎಂತ ನೋಡುವುದು? ಬಿಚ್ಚಿ ಎಲ್ಲ!"

ಹಳೆ ಟೂತ್‌ಬ್ರಷ್ಷು, ಸೂಜಿ, ಬಟ್ಟೆಯ ಚೂರು ಹಿಡಿದು ಹುಡುಗಿಯರು ಕೂತರು. ನನಗೂ ಒಂದು ಸೂಜಿ ಸಿಕ್ಕಿತು. ರಜೆ ಮುಗಿಯುವವರೆಗೆ ನಾವು ಪುಣ್ಯವನ್ನು ಕೆರೆದು ಕೆರೆದು ತೆಗೆದೆವು. ಕೆಲವು ಲ್ಯಾಪ್‌ಟಾಪುಗಳು ಹೇಗೂ ಏಳಲಿಲ್ಲ. ಉಳಿದವಕ್ಕೆ ಹೊಸ ಸಿಸ್ಟಮ್ ಕೊನೆಯವರೆಗೆ ಹೋಗಿ ಕುಳಿತುಕೊಂಡಿತು.

ಸೆಕ್ರೆಟರಿ ಹೇಳಿದ ದಿನವೇ ಬಂದರು. ಸಾಲಾಗಿ ಬೆಳಗುತ್ತಿದ್ದ ಪರದೆಗಳನ್ನು ನೋಡಿ ಹುಬ್ಬೇರಿಸಿದರು. ಅವರು ಗಡಿಯಾರ ನೋಡಿ ಹೊರಡಬೇಕೆನ್ನುವಾಗ, ಸರಿಯಾಗಿ ಅವರ ಮುಂದಿದ್ದ ಲ್ಯಾಪ್‌ಟಾಪು ನೀಲಿಯಾಗಿ, ಅದರಲ್ಲಿ ಒಂದು ಸಪ್ಪೆ ಮೋರೆಯ ಚಿತ್ರ ಬಂತು. ಹೆಡ್ಮಾಷ್ಟ್ರ ಮೋರೆಯೂ ಹಾಗೆಯೇ ಆಯಿತು. "ಇದೇ ನಾನು ಹೇಳಿದ್ದು," ಎಂದರು ಸೆಕ್ರೆಟರಿ.

ಟೀಚರು ಜಾಗ ಬಿಟ್ಟು ಕದಲಲಿಲ್ಲ. ಸಫಿಯಾ ಮುಂದೆ ಬಂದಳು. "ಸರ್, ಸ್ವಲ್ಪ ಆಚೆ ನಿಲ್ಲಿ, ಬೆಳಕಿಗೆ ಅಡ್ಡ ಆಗ್ತದೆ," ಎಂದಳು. ಸೆಕ್ರೆಟರಿ ತಮಗೇ ಗೊತ್ತಿಲ್ಲದೆ ಸರಿದರು. ಅವಳು ಲ್ಯಾಪ್‌ಟಾಪು ಆರಿಸಿ, ಬೋರಲು ಹಾಕಿ, ಹಿಂದಿನ ಮುಚ್ಚಳ ತೆಗೆದು, ಒಳಗಿನ ರ‍್ಯಾಮ್ ಪಟ್ಟಿಯನ್ನು ಎಬ್ಬಿಸಿ, ಕಂಪಾಸ್ ಬಾಕ್ಸಿನ ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿದಳು. ಪಕ್ಕದವಳು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಮತ್ತೆ ಹಾಕಿ ಬಟನ್ ಒತ್ತಿದಾಗ ಪರದೆ ಮೊದಲಿನಂತೆ ಬಂತು.

"ಇದನ್ನು ಯಾರು ಕಲಿಸಿದ್ದು?" ಎಂದು ಸೆಕ್ರೆಟರಿ ಕೇಳಿದರು.

"ಯಾರೂ ಕಲಿಸಲಿಲ್ಲ ಸರ್. ಟೀಚರ್ ಬೈತಾರೆ, ನಾವು ಮಾಡ್ತೇವೆ," ಎಂದಳು ಸಫಿಯಾ.

ಸೆಕ್ರೆಟರಿ ಮೊದಲ ಬಾರಿ ಗಡಿಯಾರ ಮರೆತು ನಕ್ಕರು. ರೂಮು ಇವರಿಗೇ ಇರಲಿ ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಳ್ಳೆಯ ಮನಸ್ಸಿನವರು, ಉದಾರತೆ ಉಕ್ಕಿ ಬಂತು. "ಇಷ್ಟು ಚುರುಕಿನ ಮಕ್ಕಳು ಈ ಗುಜರಿಯಲ್ಲಿ ಯಾಕೆ ಒದ್ದಾಡಬೇಕು? ಹೊಸ ಕಂಪ್ಯೂಟರ್ ತರಿಸುವ!"

"ಬೊಡ್ಚಿ ಸರ್!" ಎಂಬ ತುಳು ಮಾತು ಟೀಚರ ಬಾಯಿಂದ ಹಾರಿತು. ಬೇಡ ಎಂದು ಅದರ ಅರ್ಥ. ಹೆಡ್ಮಾಷ್ಟ್ರು ಜೋರಾಗಿ ಕೆಮ್ಮಿ, ಚಪ್ಪಾಳೆ ತಟ್ಟಲು ಎಲ್ಲರಿಗೂ ಸನ್ನೆ ಮಾಡಿದರು.

ಟೀಚರು ನಿವೃತ್ತರಾದ ದಿನವೇ ಹೊಸ ಕಂಪ್ಯೂಟರುಗಳ ಉದ್ಘಾಟನೆ ಇಟ್ಟರು. ಹಳೆಯವನ್ನು ಬೆಳಗ್ಗೆಯೇ ಸಾಗಿಸಿ ಆಗಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿಯಿತು. ಟೀಚರು ಯಾವುದಕ್ಕೂ ಕಣ್ಣು ಒದ್ದೆ ಮಾಡಲಿಲ್ಲ, ನನ್ನ ಭಾಷಣದ ನಡುವೆ ಒಮ್ಮೆ ಆಕಳಿಸಿದರು. ಆಮೇಲೆ ಎಲ್ಲರೂ ರೂಮಿಗೆ ಹೋದೆವು. ರಿಬ್ಬನ್ ಕತ್ತರಿಸಲು ಟೀಚರಿಗೇ ಕತ್ತರಿ ಕೊಟ್ಟರು. ಬಿಳಿ ಮೇಜುಗಳ ಮೇಲೆ ಹೊಸ ಯಂತ್ರಗಳು ಮಿರಮಿರ ಮಿಂಚುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಕಂಪೆನಿಯ ಸೀಲು. ಜೋಡಿಸಲು ಬಂದವನು ಎಲ್ಲರಿಗೂ ಕೇಳುವಂತೆ ಹೇಳಿದ, "ಸೀಲು ಒಡೆದರೆ ವಾರಂಟಿ ಹೋಗ್ತದೆ. ಎಂತ ಆದ್ರೂ ನಮಗೆ ಫೋನ್ ಮಾಡಿ. ಯಾರೂ ಕೈ ಹಾಕುವ ಹಾಗಿಲ್ಲ."

ಹುಡುಗಿಯರು ಗೋಡೆಯ ಬದಿಗೆ ಸಾಲಾಗಿ, ಕೈಕಟ್ಟಿ ನಿಂತಿದ್ದರು. ರೂಮು ಉಳಿದಿತ್ತು, ಟೀಚರು ಯಾವುದಕ್ಕಾಗಿ ಅದನ್ನು ಉಳಿಸಿದರೋ ಅದು ಹೋಗಿತ್ತು. ಸೆಕ್ರೆಟರಿಯವರು ಮಾತ್ರ ನಿಜವಾದ ಸಂತೋಷದಿಂದ, "ಮಕ್ಕಳೇ, ಏನಾದ್ರೂ ಕೇಳ್ಲಿಕ್ಕೆ ಉಂಟಾ?" ಎಂದರು.

ಸಫಿಯಾ ಅವರ ಕಡೆ ನೋಡಲಿಲ್ಲ. "ಟೀಚರ್, ಇದು ಯಾವಾಗ ಹಾಳಾಗುವುದು?" ಎಂದು ಕೇಳಿದಳು.

ಹೆಡ್ಮಾಷ್ಟ್ರು "ಶ್" ಎಂದರು. ಟೀಚರ ಕಣ್ಣು ತುಂಬಿ ಬಂತು. ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ತುರುಕಿ, ಹುಡುಗಿಯ ಹತ್ತಿರ ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟರು.

"ಹೆದರ್ಬೇಡ ಮಗಾ," ಎಂದರು. "ಬೇಗ ಹಾಳಾಗ್ತದೆ."